ಕಾಲುವೆಯಾಚೆಯ ಹೊಲಗಳು

(ಸಂಘದ ದಸರಾ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಫರೀದಾಬಾದಿನಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗನಿಗೆ ಯಾವ ಕಾಯಿದೆಯಲ್ಲಿಯೂ ಬರೆದಿಲ್ಲದ ಒಂದು ಕರ್ತವ್ಯವಿದೆ. ಊರಿನಿಂದ ಯಾರೇ ನೆಂಟರು ಬರಲಿ, ಅವರನ್ನು ಆಗ್ರಾಕ್ಕೆ ಕರೆದುಕೊಂಡು ಹೋಗಿ ತಾಜಮಹಲನ್ನು ತೋರಿಸಿ, ಹಿಂದಿರುಗುವಾಗ ಮಥುರೆ ಬೃಂದಾವನಗಳಲ್ಲಿ ಕೈಮುಗಿಸಿ, ಪೇಠಾದ ಪೊಟ್ಟಣಗಳ ಸಮೇತ ರಾತ್ರಿ ಹತ್ತರೊಳಗೆ ಮನೆ ಮುಟ್ಟಿಸುವುದೇ ಆ ಕರ್ತವ್ಯ. ಸೋದರಮಾವ ಬಂದರೆ ಒಂದು ಸಲ, ಬೀಗರು ಬಂದರೆ ಇನ್ನೊಂದು ಸಲ. ಹೀಗೆ ತಾಜಮಹಲನ್ನು ಹನ್ನೆರಡು ಹದಿನೈದು ಸಲ ನೋಡಿದ ಪುಣ್ಯವಂತರು ಈ ಸಭೆಯಲ್ಲಿಯೇ ಇದ್ದಾರೆ. ಅವರಲ್ಲಿ ಕೆಲವರು ಈಗ ಒಳಕ್ಕೆ ಹೋಗುವುದನ್ನೇ ಬಿಟ್ಟು, ಹೊರಗೆ ಮರದ ನೆರಳಿನಲ್ಲಿ ಎಲ್ಲರ ಚೀಲಗಳನ್ನು ಕಾಯುತ್ತ ಕುಳಿತಿರುತ್ತಾರೆಂದು ಕೇಳಿದ್ದೇನೆ. ಆದರೆ ಬಲ್ಲಭಗಡದಿಂದ ಮಥುರೆಯವರೆಗೆ ದಾರಿಯ ಎಡಬಲಗಳಲ್ಲಿ ಏನಿದೆ ಎಂದು ಕೇಳಿದರೆ ಉತ್ತರ ಹೇಳಬಲ್ಲವರು ನಮ್ಮಲ್ಲಿ ಕಡಮೆ. ಢಾಬಾ ಇದೆ, ಟೋಲ್ ಇದೆ, ಮೇಲ್ಸೇತುವೆ ಇದೆ. ಅದರಾಚೆ? ಅದರಾಚೆ ಏನೋ ಹೊಲ ಇರಬೇಕು ಎನ್ನುತ್ತೇವೆ.

ಆ 'ಏನೋ ಹೊಲ'ದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ನಿಂತಿದ್ದೇನೆ. ತಾವು ಶಾಂತಚಿತ್ತದಿಂದ ಕೇಳಬೇಕು.

ಫರೀದಾಬಾದು ಎಂದೊಡನೆ ಮೂಗು ಮುರಿಯುವವರುಂಟು. ಹೊಗೆ, ಧೂಳು, ಕಾರ್ಖಾನೆ. ಇದರಲ್ಲಿ ಸುಳ್ಳೇನೂ ಇಲ್ಲ. ೧೬೦೭ರಲ್ಲಿ ಜಹಾಂಗೀರ್ ಬಾದಷಹನ ಖಜಾಂಚಿ ಶೇಖ್ ಫರೀದನು ಹೆದ್ದಾರಿಯ ರಕ್ಷಣೆಗಾಗಿ ನೆಲೆಗೊಳಿಸಿದ ಊರು ಇದು. ದೇಶ ವಿಭಾಗವಾದ ಮೇಲೆ, ವಾಯವ್ಯ ಗಡಿನಾಡಿನಿಂದ ಮನೆಮಠ ಬಿಟ್ಟು ಬಂದ ನಿರಾಶ್ರಿತರಿಗಾಗಿ ೧೯೪೯ರಿಂದೀಚೆಗೆ ಇಲ್ಲಿ ಹೊಸ ನಗರ ಎದ್ದಿತು. ಅವರ ಕೈಗೆ ಕೆಲಸ ಬೇಕೆಂದು ಕಾರ್ಖಾನೆಗಳು ಬಂದುವು. ಕಾರ್ಖಾನೆಗಳ ಬೆನ್ನು ಹಿಡಿದು ನಾವು ಬಂದೆವು. ಕೆಲಸಕ್ಕೆಂದು ಬಂದವನು ಊರನ್ನು ಕೆಲಸದ ಮಟ್ಟಿಗೇ ನೋಡುತ್ತಾನೆ, ಅದು ಸಹಜ. ನೋಡಬೇಕಾದ ಚೆಲುವೆಲ್ಲ ನಮಗೆ ಊರ ಕಡೆ ಇದೆ. ಅದನ್ನು ವರ್ಷಕ್ಕೊಮ್ಮೆ, ರಜೆ ಸಿಕ್ಕಿದರೆ, ರೈಲಿನ ಟಿಕೆಟ್ಟೂ ಸಿಕ್ಕಿದರೆ ನೋಡಿ ಬರುತ್ತೇವೆ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ೧೯೫೬ರ ನವೆಂಬರ್ ೧ರಂದು ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳು ಒಂದಾದುವು. ಸರಿಯಾಗಿ ಹತ್ತು ವರ್ಷಗಳ ಅನಂತರ, ೧೯೬೬ರ ನವೆಂಬರ್ ೧ರಂದೇ, ಹರಿಯಾಣ ರಾಜ್ಯ ಹುಟ್ಟಿತು. ನಾವು ಭುವನೇಶ್ವರಿಗೆ ಆರತಿ ಎತ್ತುವ ದಿನವೇ ನೆರೆಮನೆಯವನಿಗೂ ನಾಡಹಬ್ಬ. ಒಂದೇ ದಿನ ಹುಟ್ಟಿದ ಇಬ್ಬರು ಮಕ್ಕಳ ತಾಯಂದಿರು ಒಬ್ಬರ ಮನೆಗೊಬ್ಬರು ಹೋಗದೆ ಇರುವುದುಂಟೇ?

ನಮ್ಮ ಹೊಸ ಸದಸ್ಯರಲ್ಲಿ ಅನೇಕರು 'ನೆಹರ್ ಪಾರ್' ವಾಸಿಗಳು, ಎಂದರೆ ಕಾಲುವೆಯಾಚೆಯವರು. ಆ ಕಾಲುವೆ ಆಗ್ರಾ ಕಾಲುವೆ. ದಿಲ್ಲಿಯ ಓಖ್ಲಾದಲ್ಲಿ ಯಮುನೆಗೆ ಅಡ್ಡಗಟ್ಟೆ ಕಟ್ಟಿ, ಅಲ್ಲಿಂದ ತೆಗೆದ ಈ ಕಾಲುವೆಗೆ ೧೮೭೪ರಲ್ಲಿ ನೀರು ಬಿಟ್ಟರು. ಕೆಲವು ಕಾಲ ಇದರಲ್ಲಿ ದೋಣಿಗಳೂ ಓಡಾಡುತ್ತಿದ್ದುವು. ಈಗ ದೋಣಿಯಿಲ್ಲ, ದಿಲ್ಲಿಯ ಕೊಳೆಯೆಲ್ಲ ಹರಿದು ಬರುತ್ತದೆ. ನೀರು ಕಪ್ಪು, ಕೆಲವು ದಿನ ಮೇಲೆ ಸಾಬೂನಿನ ನೊರೆಯಂತಹ ಬಿಳಿಯ ನೊರೆ. ಸೇತುವೆ ದಾಟುವಾಗ ಕಾರಿನ ಗಾಜು ಏರಿಸಿಕೊಳ್ಳದವರಿಲ್ಲ. ಸೆಕ್ಟರ್ ಎಪ್ಪತ್ತೈದು, ಎಂಬತ್ತು ಎಂದು ವಿಳಾಸ ಬರೆಯುವ ನಮ್ಮ ಎತ್ತರದ ಕಟ್ಟಡಗಳೆಲ್ಲ ಈ ಕಾಲುವೆಯ ಆಚೆ ದಂಡೆಯವು. ಸೌಂದರ್ಯದ ಮಾತಾಡಲು ಇದು ತಕ್ಕ ಸ್ಥಳವಲ್ಲವೆಂದು ತಮಗೆ ತೋರಬಹುದು. ಆದರೆ ಹೊಲಗಳಿಗೆ ಹೋಗುವ ದಾರಿ ಇದೇ.

ಕಳೆದ ಜನವರಿಯಲ್ಲಿ ನಮ್ಮ ಸದಸ್ಯರೊಬ್ಬರ ತಾಯಿ ತುಮಕೂರಿನ ಕಡೆಯಿಂದ ಬಂದಿದ್ದರು. ಎಂಬತ್ತರ ಸಮೀಪದ ವಯಸ್ಸು, ಆಯುಷ್ಯವನ್ನೆಲ್ಲ ರಾಗಿ ಹೊಲದಲ್ಲಿ ಕಳೆದವರು. ಪದ್ಧತಿಯಂತೆ ಮಗ ಆಗ್ರಾದ ಮಾತೆತ್ತಿದಾಗ ಅಜ್ಜಿ, "ಗೋರಿ ನೋಡಕ್ಕೆ ಅಷ್ಟು ದೂರ ಯಾಕಪ್ಪ ಹೋಗ್ಬೇಕು? ಈ ಸೀಮೇಲಿ ಏನ್ ಬೆಳೀತಾರೆ, ಅದ್ನ ತೋರ್ಸು" ಎಂದರಂತೆ. ಮಗ ತಬ್ಬಿಬ್ಬಾಗಿ ನನಗೆ ಫೋನು ಮಾಡಿದರು. ಅವರು ಈ ಊರಿಗೆ ಬಂದು ಇಪ್ಪತ್ತು ವರ್ಷವಾಗಿದ್ದರೂ ಇಲ್ಲಿ ಏನು ಬೆಳೆಯುತ್ತಾರೆಂದು ತಿಳಿಯುವ ಪ್ರಸಂಗ ಒದಗಿರಲಿಲ್ಲ. ಹೀಗೆ ಒಂದು ಭಾನುವಾರ ಮೂರು ಸಂಸಾರದ ಹನ್ನೊಂದು ಜನ ಎರಡು ಕಾರುಗಳಲ್ಲಿ ಹೊರಟೆವು. ಹೆದ್ದಾರಿ ಬೇಡವೆಂದು ಮೊದಲೇ ತೀರ್ಮಾನ. ಖೇಡಿ ಪುಲ್ ದಾಟಿ ತಿಗಾಂವ್, ಅಲ್ಲಿಂದ ಛಾಂಯ್ಸಾ, ಮೋಹನಾ ಕಡೆಯ ಒಳದಾರಿಗಳಲ್ಲಿ ಪಲ್ವಲ್ಲಿಗೆ, ಆಮೇಲೆ ಹೊಡಲ್. ಇಷ್ಟೇ ನಮ್ಮ ದಿಗ್ವಿಜಯ.

ಹೊರಟಾಗ ಮಂಜು. ಇಲ್ಲಿಯ ಜನವರಿಯ ಮಂಜೆಂದರೆ ತಮಗೆ ಹೇಳಬೇಕಾದುದಿಲ್ಲ. ಮುಂದಿನ ಕಾರಿನ ಕೆಂಪು ದೀಪವೇ ದಾರಿದೀಪ. ಕಟ್ಟಡಗಳು ಮುಗಿದುವು, ಕಟ್ಟುತ್ತಿರುವ ಕಟ್ಟಡಗಳು ಮುಗಿದುವು, ಇಟ್ಟಿಗೆ ಗೂಡುಗಳ ಚಿಮಣಿಗಳು ಅರ್ಧಕ್ಕೆ ಕಾಣಿಸಿ ಮರೆಯಾದುವು. ತಿಗಾಂವ್ ದಾಟಿದ ಸ್ವಲ್ಪ ಹೊತ್ತಿಗೆ ಬಿಸಿಲು ಬಿದ್ದಿತು. ಮಂಜು ಏಳುವಾಗ ಮೊದಲು ಕಂಡದ್ದು ಹೊಲವಲ್ಲ, ಬಣ್ಣ. ಎಲ್ಲಿಯೋ ಬಿಳುಪಿನೊಳಗೆ ಅರಿಸಿನ ಕದಡಿದಂತೆ. ಆಮೇಲೆ ಅಂಚು ಕಂಡಿತು, ಆಮೇಲೆ ಕಾಂಡ, ಎಲೆ. ಎಡಕ್ಕೆ ನೋಡಿದರೆ ಹಳದಿ, ಬಲಕ್ಕೆ ನೋಡಿದರೆ ಹಳದಿ. ನಡುನಡುವೆ ಗೋಧಿಯ ಎಳೆಯ ಹಸುರು. ಡ್ರೈವರ್ ಕಾರು ನಿಲ್ಲಿಸಿದ. ಯಾರೂ ಅವನಿಗೆ ಹೇಳಿರಲಿಲ್ಲ.

ಅಜ್ಜಿ ಕೆಳಗಿಳಿದು ಮೊದಲು ಮಾಡಿದ ಕೆಲಸ, ಒಂದು ಎಲೆ ಕಿತ್ತು ಅಂಗೈಯಲ್ಲಿ ಹೊಸಕಿ ಮೂಸಿ ನೋಡಿದ್ದು. "ಸಾಸ್ವೆ ಕಣೋ ಇದು!" ಎಂದರು. ಮೊಮ್ಮಗ, ಒಂಬತ್ತು ವರ್ಷದವನು, "ಸಾಸಿವೆ ಅಂದರೆ ಒಗ್ಗರಣೆಗೆ ಹಾಕ್ತೀರಲ್ಲ, ಅದಾ? ಡಬ್ಬೀಲಿರೋದಾ?" ಎಂದು ಕೇಳಿದ. ಅವನ ಪ್ರಶ್ನೆಗೆ ಎಲ್ಲರೂ ನಕ್ಕರು. ಆದರೆ ನನಗೆ ಅದು ನಗುವ ಪ್ರಶ್ನೆಯೆಂದು ತೋರಲಿಲ್ಲ. ಶಾಲೆಯಲ್ಲಿ ಅವನು 'ಸರಸೋಂ' ಎಂಬ ಮಾತು ಕಲಿತಿದ್ದ. ಪುಸ್ತಕದಲ್ಲಿ 'ಮಸ್ಟರ್ಡ್' ಎಂದು ಓದಿದ್ದ. ಮನೆಯಲ್ಲಿ 'ಸಾಸಿವೆ' ಎಂದು ಕೇಳಿದ್ದ. ಮೂರೂ ಒಂದೇ ಎಂದು ಆ ಬೆಳಿಗ್ಗೆಯವರೆಗೆ ಅವನಿಗೆ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಗಿಡವನ್ನು ಮುಂದೆ ನಿಲ್ಲಿಸಿ ಹೆಸರು ಹೇಳುವವರು ಬೇಕಷ್ಟೆ.

ಸಾಸಿವೆ ನಮಗೆ ಚಿಟಿಕೆಯ ಲೆಕ್ಕದ ಪದಾರ್ಥ. 'ಸಾಸಿವೆಯಷ್ಟು' ಎಂದರೆ ಎಷ್ಟು ಕಡಮೆ ಎಂಬುದನ್ನು ಹೇಳುವ ಮಾತು. ತುಮಕೂರು, ಕೋಲಾರದ ಕಡೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುವಾಗ ಅವರೆ, ಹುಚ್ಚೆಳ್ಳುಗಳ ಜೊತೆಗೆ ಒಂದಿಷ್ಟು ಸಾಸಿವೆಯನ್ನೂ ಎಳೆಯುತ್ತಾರೆ. ಮನೆಯ ವರ್ಷದ ಒಗ್ಗರಣೆಗೆ ಸಾಕಾಗುವಷ್ಟು. ಇಲ್ಲಿ ಅದೇ ಗಿಡ ಎಕರೆಗಟ್ಟಲೆ ನಿಂತಿದೆ. ಅಜ್ಜಿಗೆ ತಡೆಯಲಾಗಲಿಲ್ಲ. "ಇಷ್ಟೊಂದು ಸಾಸ್ವೇನ ಏನ್ ಮಾಡ್ಕೋತಾರೆ ಇವ್ರು?" ಎಣ್ಣೆ ತೆಗೆಯುತ್ತಾರೆ, ಎಲೆಯನ್ನು ಸೊಪ್ಪಿನ ಸಾರಿನಂತೆ ಬೇಯಿಸಿ ರೊಟ್ಟಿಗೆ ಹಚ್ಚಿಕೊಳ್ಳುತ್ತಾರೆ, ಹಿಂಡಿಯನ್ನು ಎಮ್ಮೆಗೆ ಇಡುತ್ತಾರೆ ಎಂದು ಹೇಳಿದೆವು. ಗೋಧಿಯಷ್ಟು ನೀರು ಇದಕ್ಕೆ ಬೇಡ. ಅಕ್ಟೋಬರಿನಲ್ಲಿ ಬಿತ್ತಿದರೆ ಒಂದೆರಡು ನೀರಿನಲ್ಲಿ ಮಾರ್ಚಿಗೆ ಕೊಯ್ಲು. ನೀರಿನ ಮಾತು ಬಂದೊಡನೆ ಅಜ್ಜಿ ತಲೆಯಾಡಿಸಿದರು. ಆ ಲೆಕ್ಕ ಅವರಿಗೆ ಯಾವ ಭಾಷೆಯಲ್ಲಿ ಹೇಳಿದರೂ ತಿಳಿಯುತ್ತದೆ. ಕನಕದಾಸರು ರಾಮಧಾನ್ಯಚರಿತೆಯಲ್ಲಿ ರಾಗಿಗೂ ಭತ್ತಕ್ಕೂ ವಾದ ಹಚ್ಚಿ ರಾಗಿಯನ್ನು ಗೆಲ್ಲಿಸಿದರಷ್ಟೆ. ಅವರು ಈ ಸೀಮೆಗೆ ಬಂದಿದ್ದರೆ ಗೋಧಿಯ ಎದುರಿಗೆ ಸಾಸಿವೆಯನ್ನು ನಿಲ್ಲಿಸುತ್ತಿದ್ದರೋ ಏನೋ.

ಹೊಲದ ಅಂಚಿನಲ್ಲಿ ಸಾಲಾಗಿ ಮರದ ಪೆಟ್ಟಿಗೆಗಳಿದ್ದುವು. ಜೇನಿನ ಪೆಟ್ಟಿಗೆಗಳು. ಅವುಗಳ ಒಡೆಯ ಅಲ್ಲಿಯ ರೈತನಲ್ಲ. ಬಿಹಾರದ ಕಡೆಯ ಒಬ್ಬ ಯುವಕ. ಸಾಸಿವೆ ಹೂ ಬಿಡುವ ಕಾಲಕ್ಕೆ ಪೆಟ್ಟಿಗೆಗಳನ್ನು ಲಾರಿಯಲ್ಲಿ ತಂದು ಇಡುತ್ತಾನೆ. ಹೂ ಮುಗಿದೊಡನೆ ಇನ್ನೊಂದು ಸೀಮೆಯ ಇನ್ನೊಂದು ಹೂವಿಗೆ ಹೊರಟುಹೋಗುತ್ತಾನೆ. ಹುಳುಗಳಿಂದ ರೈತನಿಗೆ ಕಾಳು ಹೆಚ್ಚು, ಹೂವಿನಿಂದ ಇವನಿಗೆ ಜೇನು. ಹುಳುಗಳೂ ಅವನೂ ವಲಸೆಯವರು ಎಂದು ನಮ್ಮಲ್ಲಿ ಯಾರೋ ಅಂದರು, ಯಾರೂ ಮುಂದುವರಿಸಲಿಲ್ಲ. ಸಾಸಿವೆ ಹೂವಿನ ಜೇನು ಚಳಿಗೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ, ಥೇಟು ತುಪ್ಪದಂತೆ. ಸಕ್ಕರೆ ಬೆರಸಿದ್ದಾನೆಂದು ಸಂಶಯಪಡಬೇಡಿ, ಅದರ ಗುಣವೇ ಹಾಗೆ. ಜೇನುತುಪ್ಪವೆಂಬ ನಮ್ಮ ಮಾತಿನ ಅರ್ಥ ಫರೀದಾಬಾದು ಜಿಲ್ಲೆಯಲ್ಲಿ ಕಣ್ಣಿಗೆ ಕಂಡಿತು.

ಇಷ್ಟನ್ನು ಚೆಲುವೆಂದು ಯಾರೂ ಒಪ್ಪುತ್ತಾರೆ, ಸಿನಿಮಾದವರೂ ಒಪ್ಪಿದ್ದಾರೆ. ನಾನು ಹೇಳಬೇಕೆಂದಿರುವುದು ಇನ್ನೊಂದು ವಸ್ತುವಿನ ವಿಷಯ. ಅದನ್ನು ಚೆಲುವೆಂದು ಕರೆಯಲು ನಮ್ಮಲ್ಲಿ ಕೆಲವರು ಮೂಗಿಗೆ ಕರವಸ್ತ್ರ ಹಿಡಿಯಬಹುದು. ಅದು ಕುಳ್ಳಿನ ಮನೆ.

ಸಗಣಿಯನ್ನು ತಟ್ಟಿ ಒಣಗಿಸಿದ ಕುಳ್ಳು, ಉತ್ತರ ಕರ್ನಾಟಕದವರು ಕುಳ್ಳು ಎಂದರೂ ಬೆರಣಿ ಎಂದರೂ ಸರಿ, ಎಲ್ಲರಿಗೂ ಗೊತ್ತು. ನಮ್ಮಲ್ಲಿ ಅದನ್ನು ಗೋಡೆಗೆ ತಟ್ಟಿ, ಒಣಗಿದ ಮೇಲೆ ಮೂಲೆಯಲ್ಲಿ ಒಟ್ಟುತ್ತಾರೆ. ಇಲ್ಲಿಯ ಹೆಂಗಸರು ಅದರಿಂದ ಒಂದು ಮನೆಯನ್ನೇ ಕಟ್ಟುತ್ತಾರೆ. 'ಬಿಟೋಡಾ' ಎಂದು ಹೆಸರು. ಸಾವಿರಾರು ಕುಳ್ಳುಗಳನ್ನು ಒಂದರ ಮೇಲೊಂದು ಓರಣವಾಗಿ ಜೋಡಿಸುತ್ತ, ಮೇಲೆ ಹೋದಂತೆ ಕಿರಿದು ಮಾಡುತ್ತ, ಆಳೆತ್ತರಕ್ಕಿಂತ ಎತ್ತರವಾಗಿ, ಮಗುಚಿದ ದೋಣಿಯ ಆಕಾರಕ್ಕೆ ತರುತ್ತಾರೆ. ಮಳೆಗಾಲಕ್ಕೆ ಮುಂಚೆ ಅದರ ಹೊರಮೈಗೆಲ್ಲ ಹೊಟ್ಟು ಬೆರಸಿದ ಸಗಣಿಯನ್ನು ದಪ್ಪನಾಗಿ ಮೆತ್ತುತ್ತಾರೆ. ನೀರು ಒಳಗೆ ಇಳಿಯಬಾರದು, ಉರುವಲು ಒಣಗಿಯೇ ಇರಬೇಕು, ಉದ್ದೇಶ ಇಷ್ಟೇ. ಆದರೆ ಕೈ ಅಲ್ಲಿಗೆ ನಿಲ್ಲುವುದಿಲ್ಲ. ಮೆತ್ತಿದ ಗೋಡೆ ಹಸಿಯಾಗಿರುವಾಗಲೇ ಬೆರಳಿನಿಂದ, ಕಡ್ಡಿಯಿಂದ ಗೆರೆ ಎಳೆಯುತ್ತಾರೆ. ಒಂದರ ಮೈಮೇಲೆ ತೆನೆಯಂತೆ ಓರೆಗೆರೆಗಳು, ಇನ್ನೊಂದರಲ್ಲಿ ಮರ, ಮತ್ತೊಂದರಲ್ಲಿ ಬಾಲ ಬಿಚ್ಚಿದ ನವಿಲು. ಮೇಲೆ ಹುಲ್ಲಿನ ಹೊದಿಕೆ. ಊರಾಚೆಯ ಬಯಲಿನಲ್ಲಿ ಇಂಥವು ಇಪ್ಪತ್ತು ಮೂವತ್ತು ಸಾಲಾಗಿ, ಒಂದರಂತೆ ಒಂದಿಲ್ಲದೆ ನಿಂತಿದ್ದರೆ, ದೂರದಿಂದ ನೋಡಿದವನಿಗೆ ಯಾವುದೋ ಹಳೆಯ ಕಾಲದ ಗುಡಿಗಳ ಗುಂಪೆಂದೇ ಭ್ರಮೆ.

ನಾವು ಹೋದದ್ದು ಜನವರಿಯಾದ್ದರಿಂದ ಅವುಗಳನ್ನು ಬಳಸುವ ಕಾಲ. ಒಂದು ಮಗ್ಗುಲಿನಿಂದ ಒಡೆದು ದಿನದಿನಕ್ಕೆ ಬೇಕಾದಷ್ಟು ತೆಗೆಯುತ್ತಾರೆ. ಹೀಗಾಗಿ ಒಂದು ಕಡೆ ನವಿಲು ಹಾಗೆಯೇ ಇದೆ. ಇನ್ನೊಂದು ಕಡೆ ಹೊಟ್ಟೆ ಬಗೆದಂತೆ ತೆರೆದು ಒಳಗಿನ ಸಾಲುಗಳು ಕಾಣುತ್ತವೆ. ಹೋಳಿಯ ಹೊತ್ತಿಗೆ ಬಹುಪಾಲು ತೀರಿಹೋಗಿರುತ್ತದೆ.

ಅಲ್ಲಿ ಕುಳ್ಳು ತೆಗೆಯಲು ಬಂದ ಒಬ್ಬ ಮುದುಕಿಯನ್ನು ನಾವು ಮಾತಾಡಿಸಿದೆವು. ತಲೆಯ ಮೇಲೆ ಸೆರಗು, ಮೊಣಕೈವರೆಗೆ ಬೂದಿಬಣ್ಣ. ಈ ಚಿತ್ರ ಬಿಡಿಸಿದವರು ಯಾರೆಂದು ಕೇಳಿದಾಗ, ತನ್ನ ಸೊಸೆ ಎಂದಳು. ನಮ್ಮಲ್ಲೊಬ್ಬರು, "ಹೇಗೂ ಸುಡುವುದೇ ಆದಮೇಲೆ ಇಷ್ಟು ಚಿತ್ರ ಯಾಕೆ, ತಾಈ?" ಎಂದರು. ಪ್ರಶ್ನೆ ಅವಳಿಗೆ ತಿಳಿಯದಂತೆ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, "ರೊಟ್ಟಿಯನ್ನೂ ತಿಂದೇ ಮುಗಿಸುತ್ತೇವೆ ಬೇಟಾ, ಅಂತ ದುಂಡಗೆ ತಟ್ಟದೆ ಇರುತ್ತೇವೆಯೇ?" ಎಂದಳು. ತುಮಕೂರಿನ ಅಜ್ಜಿಗೆ ಮಗ ಇದನ್ನು ಕನ್ನಡದಲ್ಲಿ ಹೇಳಿದೊಡನೆ ಅಜ್ಜಿ, "ನಾವು ರಂಗೋಲಿ ಇಕ್ಕಲ್ವಾ, ಅಂಗೇ" ಎಂದು ಅವಳ ಕೈ ಹಿಡಿದುಕೊಂಡರು. ಆಮೇಲೆ ಇಬ್ಬರೂ ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಕಾಲು ಗಂಟೆ ಮಾತಾಡಿದರು. ಎಮ್ಮೆ ಎಷ್ಟು, ಹಾಲು ಎಷ್ಟು ಎಂಬುದೆಲ್ಲ ಬೆರಳಿನಲ್ಲಿಯೇ ಇತ್ಯರ್ಥವಾಯಿತು.

ಕುಳ್ಳಿನ ಒಲೆಯ ಹೊಗೆ ಎಷ್ಟು ಕಣ್ಣುಗಳನ್ನು ಕೆಡಿಸಿದೆಯೆಂಬುದನ್ನು ನಾನು ಮರೆತಿಲ್ಲ. ಗ್ಯಾಸಿನ ಸಿಲಿಂಡರು ಆ ಮನೆಗಳಿಗೂ ಬಂದಿದೆ, ಬಂದದ್ದು ಒಳ್ಳೆಯದಾಯಿತು. ಆದರೂ ಹಾಲು ಕಾಯಿಸಲು ಅವರು ಅಂಗಳದ 'ಹಾರಾ' ಎಂಬ ಮಣ್ಣಿನ ಒಲೆಯಲ್ಲಿ ಕುಳ್ಳಿನ ಕೆಂಡವನ್ನೇ ಬಳಸುತ್ತಾರೆ. ಬೆಳಿಗ್ಗೆ ಇಟ್ಟ ಹಾಲು ಸಂಜೆಯವರೆಗೆ ಸಣ್ಣ ಕಾವಿನಲ್ಲಿ ಕಾದು ಕೆಂಪಗಾಗಿ, ಮೇಲೆ ಬೆರಳು ದಪ್ಪದ ಕೆನೆ ಕಟ್ಟುತ್ತದೆ. ಆ ತಾಈ ಕೊಟ್ಟ ಒಂದೊಂದು ಲೋಟ ಹಾಲನ್ನು ಕುಡಿದ ನಮ್ಮ ಮಕ್ಕಳು, ಮನೆಗೆ ಬಂದ ಮೇಲೆ ಪ್ಯಾಕೆಟ್ಟಿನ ಹಾಲನ್ನು ವಾರದವರೆಗೆ ಹೀಗಳೆದರೆಂದು ವರದಿ.

ಮುಂದಿನ ದಾರಿಯ ಕಥೆಯನ್ನು ಬೇಗ ಹೇಳುತ್ತೇನೆ. ಯಮುನೆಯ ಹತ್ತಿರದ ತಗ್ಗುನೆಲಕ್ಕೆ ಇಲ್ಲಿಯವರು ಖಾದರ್ ಎನ್ನುತ್ತಾರೆ, ಮೇಲಿನ ನೆಲಕ್ಕೆ ಬಾಂಗರ್. ಖಾದರಿನಲ್ಲಿ ಹೊಳೆ ತಂದ ಮೆಕ್ಕಲು, ಬೇಸಗೆಯಲ್ಲಿ ಮರಳಿನ ಮೇಲೆ ಕರಬೂಜದ ಬಳ್ಳಿ. ೨೦೨೩ರ ಜುಲೈಯಲ್ಲಿ ಯಮುನೆ ಉಕ್ಕಿದಾಗ ಈ ಹೊಲಗಳೆಲ್ಲ ನೀರಿನಡಿ ಇದ್ದುವು. ಕೊಟ್ಟದ್ದನ್ನು ಹೊಳೆ ಒಮ್ಮೊಮ್ಮೆ ಲೆಕ್ಕ ಕೇಳುತ್ತದೆ. ಅಲ್ಲೊಂದು ಜವುಗು ಹೊಲದಲ್ಲಿ ಜೋಡಿ ಸಾರಸಗಳನ್ನು ಕಂಡೆವು. ಹಾರುವ ಹಕ್ಕಿಗಳಲ್ಲೆಲ್ಲ ಎತ್ತರವಾದುದು ಇದೇ. ಕತ್ತೆತ್ತಿ ನಿಂತರೆ ಮನುಷ್ಯನಷ್ಟು. ವಾಲ್ಮೀಕಿಯ ಕ್ರೌಂಚ ಇದೇ ಎಂದು ಕೆಲವು ಪಂಡಿತರ ಮತ. ಹತ್ತು ಗಜ ದೂರದಲ್ಲಿ ಟ್ರಾಕ್ಟರು ಗುಡುಗುತ್ತಿದ್ದರೂ ಅವು ತಮ್ಮ ಪಾಡಿಗೆ ಮೇಯುತ್ತಿದ್ದುವು. ಟ್ರಾಕ್ಟರೆಂದಾಗ ನೆನಪಾಯಿತು: ಭಾರತದಲ್ಲಿ ತಯಾರಾದ ಮೊದಲ ಟ್ರಾಕ್ಟರು ೧೯೫೯ರಲ್ಲಿ ಹೊರಬಂದುದು ನಮ್ಮ ಫರೀದಾಬಾದಿನ ಐಷರ್ ಕಾರ್ಖಾನೆಯಿಂದ. ಎಸ್ಕಾರ್ಟ್ಸ್‌ನವರ ಟ್ರಾಕ್ಟರುಗಳೂ ಇಲ್ಲಿಯವೇ. ನಮ್ಮ ಹಿರಿಯ ಸದಸ್ಯರೊಬ್ಬರು ಮೂವತ್ತು ವರ್ಷ ಗೇರುಪೆಟ್ಟಿಗೆಯ ಭಾಗಗಳನ್ನು ಪರೀಕ್ಷೆ ಮಾಡಿದವರು. ಅದು ಹೊಲದಲ್ಲಿ ಉಳುವುದನ್ನು ನಿಂತು ನೋಡಿದ್ದು ಆ ದಿನವೇ ಮೊದಲು. ರೈತನ ಅನುಮತಿ ಕೇಳಿ ಹತ್ತಿ ಕುಳಿತು ಒಂದು ಸುತ್ತು ಬಂದರು. ಇಳಿದಾಗ ಅವರ ಮುಖದಲ್ಲಿದ್ದ ಸಂತೋಷವನ್ನು ನಾನು ವರ್ಣಿಸಲಾರೆ.

ಮಧ್ಯಾಹ್ನದ ಊಟದ ಹೊತ್ತಿಗೆ ಮೋಹನಾ ದಾಟಿದ್ದೆವು. ನಮ್ಮೊಡನಿದ್ದ ಒಬ್ಬ ಸೋದರಿ ಬಾಗಲಕೋಟೆಯ ಕಡೆಯವರು. ಆಕೆಯ ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಸಜ್ಜೆ ಕಡುಬು, ಎಣ್ಣೆಗಾಯಿ, ಶೇಂಗಾ ಹೋಳಿಗೆ ಇದ್ದುವು. ಎಳ್ಳಮಾವಾಸ್ಯೆ ಕಳೆದು ಕೆಲವು ದಿನಗಳಾಗಿದ್ದುವು. ಹಳೆಯ ಮೈಸೂರಿನವರಿಗಾಗಿ ಹೇಳುತ್ತೇನೆ: ಆ ಸೀಮೆಯಲ್ಲಿ ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹಿಂಗಾರಿ ಬೆಳೆ ನಿಂತ ಹೊಲಕ್ಕೆ ಹೋಗುತ್ತಾರೆ. ಕಾಳು ಕಟ್ಟುವ ಕಾಲದಲ್ಲಿ ಭೂಮಿತಾಯಿ ಬಸುರಿ. ಅವಳಿಗೆ ಬಯಕೆಯ ಊಟ ಉಣಿಸಬೇಕು. ಅಡಿಗೆಯನ್ನು ಹೊಲದ ನಾಲ್ಕೂ ಕಡೆ ಚೆಲ್ಲುತ್ತ ಬರುವುದೇ ಚರಗ. ಆಮೇಲೆ ಎಲ್ಲರೂ ಹೊಲದಲ್ಲಿ ಕುಳಿತು ಉಣ್ಣುವುದು.

ಆಕೆ ಬುತ್ತಿ ಬಿಚ್ಚುವ ಮುನ್ನ ಸ್ವಲ್ಪ ಹೊತ್ತು ಆ ಸಾಸಿವೆ ಹೊಲವನ್ನೇ ನೋಡಿದರು. "ನಮ್ಮ ತವರಾಗ ಈಗ ಹೊಲಾನೂ ಇಲ್ಲ, ಊರೂ ಇಲ್ರೀ. ಎಲ್ಲಾ ನೀರಾಗ ಹೋತು" ಎಂದರು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳಲ್ಲಿ ಆಕೆಯ ತವರೂ ಒಂದು. "ಇಲ್ಲೇ ಚರಗ ಚೆಲ್ಲಿದ್ರ ಭೂಮಿತಾಯಿ ಬ್ಯಾಡ ಅಂತಾಳೇನ್ರೀ?" ಯಾರಿಗೂ ಉತ್ತರ ಹೊಳೆಯಲಿಲ್ಲ. ಹೊಲದ ಒಡೆಯನನ್ನು ಕೇಳುವುದೆಂದಾಯಿತು. ಕೊಳವೆ ಬಾವಿಯ ಬಳಿ ಮಂಚದ ಮೇಲೆ ಕುಳಿತಿದ್ದ ವೃದ್ಧರು ನಮ್ಮ ಮುರುಕು ಹಿಂದಿಯನ್ನು ತಾಳ್ಮೆಯಿಂದ ಕೇಳಿಕೊಂಡರು. ಬಸುರಿಗೆ ಉಣಿಸುವ ಮಾತು ಬಂದಾಗ ಹುಕ್ಕಾದ ನಳಿಗೆಯನ್ನು ಪಕ್ಕಕ್ಕಿಟ್ಟು, "ಅದಕ್ಕೆ ನನ್ನನ್ನೇನು ಕೇಳುತ್ತೀ ಮಗಳೇ, ಉಣಿಸು" ಎಂದರು. ಆಕೆ ಚಪ್ಪಲಿ ಬಿಟ್ಟು ಬದುವಿನ ಮೇಲೆ ನಡೆಯುತ್ತ ರೊಟ್ಟಿ ಕಡುಬುಗಳ ಚೂರುಗಳನ್ನು ಚೆಲ್ಲುತ್ತ ಹೋದರು. ಮಕ್ಕಳು ಹಿಂದೆ ಹಿಂದೆ. ವೃದ್ಧರೂ ಎದ್ದು ಜೋಡು ಕಳಚಿ ನಿಂತುಕೊಂಡರು.

ಊಟಕ್ಕೆ ಅವರನ್ನೂ ಕೂರಿಸಿಕೊಂಡೆವು. ಸಜ್ಜೆ ರೊಟ್ಟಿ ಅವರಿಗೆ ಹೊಸದಲ್ಲ. ಎಣ್ಣೆಗಾಯಿಯ ಖಾರಕ್ಕೆ ಮಾತ್ರ ಕಣ್ಣಲ್ಲಿ ನೀರು ಬಂದಿತು. ಮಾತಿನ ನಡುವೆ ತಿಳಿದುದು: ಅವರ ಹೊಲದ ಒಂದು ಭಾಗ ಈಗಾಗಲೇ ರಸ್ತೆಗೆ ಹೋಗಿದೆ. ಯಮುನೆಯಾಚೆ ಜೇವರಿನ ವಿಮಾನ ನಿಲ್ದಾಣಕ್ಕೆಂದು ಒಂದು ಹೆದ್ದಾರಿ, ಮುಂಬಯಿಗೆ ಇನ್ನೊಂದು, ದಿಲ್ಲಿಯನ್ನು ಬಳಸಿಕೊಂಡು ೨೦೧೮ರಲ್ಲಿ ಆದ ಮತ್ತೊಂದು. ಈ ಸೀಮೆಯ ಮೇಲೆ ಗೆರೆಗಳು ಬೀಳುತ್ತಲೇ ಇವೆ. ಹಣ ಬಂದಿತು, ಹಿರಿಯ ಮಗ ಎರಡಂತಸ್ತಿನ ಮನೆ ಕಟ್ಟಿಸಿದ, ಕಾರು ಕೊಂಡ. ಕಿರಿಯವನು ಫರೀದಾಬಾದಿನಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ಇದನ್ನು ಅವರು ದೂರಿನಂತೆ ಹೇಳಲಿಲ್ಲ, ಹೆಮ್ಮೆಯಿಂದಲೂ ಹೇಳಲಿಲ್ಲ. ಹೊರಡುವಾಗ ಬಾಗಲಕೋಟೆಯ ಸೋದರಿಗೆ ಒಂದು ಕಟ್ಟು ಸಾಸಿವೆ ಸೊಪ್ಪು, ನಾಲ್ಕು ಮೂಲಂಗಿ ಕೊಟ್ಟು, ತವರಿನಿಂದ ಬರಿಗೈಯಲ್ಲಿ ಹೋಗಬಾರದು ಎಂದರು.

ಕಾಲುವೆಯಾಚೆಯ ನಮ್ಮ ಕಟ್ಟಡಗಳು ನಿಂತಿರುವ ನೆಲವೂ ಇಂಥ ಹೊಲಗಳೇ ಆಗಿದ್ದುವು. ನಾವು ಮನೆ ಕೊಂಡುದು ತಪ್ಪೆಂದು ಹೇಳುವುದು ನನ್ನ ಉದ್ದೇಶವಲ್ಲ. ಬಿಸಿಲು ಮಳೆಗೆ ಸೂರು ಎಲ್ಲರಿಗೂ ಬೇಕು, ಮಾರಿದವರು ತಿಳಿದೇ ಮಾರಿದ್ದಾರೆ. ಆದರೆ ನಮ್ಮ ಬಾಲ್ಕನಿಯಿಂದ ಕಾಣುವ ಹಳದಿ ಪಟ್ಟೆ ವರ್ಷವರ್ಷಕ್ಕೂ ಹಿಂದೆ ಸರಿಯುತ್ತಿರುವುದನ್ನು ಅಲ್ಲಿರುವವರು ಕಂಡಿದ್ದೀರಿ. ಇಂದು ಅರ್ಧ ಗಂಟೆಯ ದಾರಿಯಲ್ಲಿರುವುದು ಮಕ್ಕಳು ದೊಡ್ಡವರಾಗುವ ಹೊತ್ತಿಗೆ ಎಷ್ಟು ದೂರ ಹೋಗಿರುತ್ತದೆಯೋ ಹೇಳಲಾಗದು.

ನಮ್ಮ ಸಂಘದಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ತರಗತಿ ನಡೆಯುತ್ತದೆ. ಅ ಅರಸ, ಆ ಆನೆ ಎಂದು ಚಿತ್ರ ತೋರಿಸಿ ಕಲಿಸುತ್ತೇವೆ. ಅರಸನೂ ಇಲ್ಲ, ಆನೆಯೂ ಇಲ್ಲ. ಆ ದಿನ ಅಜ್ಜಿ ಹೊಲದಲ್ಲಿ ನಡೆಯುತ್ತ ಮೊಮ್ಮಗನಿಗೆ ತೋರಿಸಿ ಹೇಳಿದ ಮಾತುಗಳನ್ನು ನಾನು ಗುರುತು ಹಾಕಿಕೊಂಡೆ: ಬದು, ಪಾತಿ, ತೂಬು, ತೆನೆ, ಕುಂಟೆ, ಬಣವೆ, ಮೇವು, ಹಿಂಡಿ, ಕೊಟ್ಟಿಗೆ, ಗೊಂತು. ಇವುಗಳಲ್ಲಿ ಒಂದಾದರೂ ಆ ಹುಡುಗನಿಗೆ ಮೊದಲು ಗೊತ್ತಿರಲಿಲ್ಲ. ಸಂಜೆಗೆ ಒಂದನ್ನೂ ಮರೆತಿರಲಿಲ್ಲ. ಹರಿಯಾಣದ ಹೊಲದಲ್ಲಿ ಕನ್ನಡದ ಮಾತುಗಳಿಗೆ ಬೇಕಾದ ವಸ್ತುಗಳೆಲ್ಲ ಇವೆ. ನಮ್ಮಲ್ಲಿ ಮಾತಿದೆ. ಮಧ್ಯೆ ಒಂದು ಕಾಲುವೆ ಇದೆ, ಅದಕ್ಕೆ ಸೇತುವೆಯೂ ಇದೆ.

ಪಲ್ವಲಿನಲ್ಲಿ ನಿಂತು ರೈಲು ನಿಲ್ದಾಣವನ್ನು ನೋಡಿದೆವು. ೧೯೧೯ರ ಏಪ್ರಿಲಿನಲ್ಲಿ ಪಂಜಾಬಿಗೆ ಹೊರಟಿದ್ದ ಗಾಂಧೀಜಿಯವರನ್ನು ತಡೆದು ಹಿಡಿದುದು ಇಲ್ಲಿ. ಆಮೇಲೆ ಹೊಡಲಿಗೆ ಮುನ್ನ, ನಗಾರಿಯ ಮೇಳಕ್ಕೆ ಹೆಸರಾದ ಬಂಚಾರಿ ಎಂಬ ಹಳ್ಳಿಯ ಬಳಿ, ಒಂದು ಕೋಸ್ ಮಿನಾರು. ಮೊಗಲರ ಕಾಲದಲ್ಲಿ ಆಗ್ರಾದಿಂದ ಲಾಹೋರಿನ ದಾರಿಗೆ ಕೋಸಿಗೊಂದರಂತೆ, ಎಂದರೆ ಸುಮಾರು ಎರಡು ಮೈಲಿಗೊಂದರಂತೆ ನಿಲ್ಲಿಸಿದ ಇಟ್ಟಿಗೆಯ ಗುರುತುಗಂಬ. ಮೂವತ್ತು ಅಡಿ ಎತ್ತರ, ಕೆಳಗೆ ಎಂಟು ಮೂಲೆ, ಮೇಲೆ ದುಂಡು. ನಮ್ಮ ಹರದಾರಿಯ ಲೆಕ್ಕದವರು ಇಂಥದನ್ನು ಕಟ್ಟಿಸಲಿಲ್ಲ. ಆಲದ ಮರ, ಅರವಟಿಗೆಗಳನ್ನೇ ಗುರುತು ಮಾಡಿಕೊಂಡರು. ಮುಜೇಸರಿನ ಕಾರ್ಖಾನೆಗಳ ನಡುವೆಯೂ ಇಂಥ ಒಂದು ಮಿನಾರು ಇದೆ, ನಮ್ಮಲ್ಲಿ ಎಷ್ಟೋ ಜನ ದಿನವೂ ಅದರ ಹತ್ತಿರ ಹಾದುಹೋಗುತ್ತೇವೆ. ಬಂಚಾರಿಯದರ ಬಿರುಕುಗಳಲ್ಲಿ ಗಿಳಿಗಳು ಗಲಾಟೆ ಮಾಡುತ್ತಿದ್ದುವು. ಅಲ್ಲಿಂದ ಹೆದ್ದಾರಿ ಹಿಡಿದು ಒಂದೂವರೆ ಗಂಟೆಯಲ್ಲಿ ಮನೆ ಸೇರಿದೆವು. ಮಕ್ಕಳು ದಾರಿಯುದ್ದಕ್ಕೂ ನಿದ್ದೆ.

ಇನ್ನು ಕೊನೆಯದಾಗಿ ಒಂದು ಸೂಚನೆ. ಸಾಸಿವೆ ಬಿತ್ತನೆ ಈಗ ನಡೆಯುತ್ತಿದೆ. ದೀಪಾವಳಿ ಕಳೆದ ಮೇಲೆ ಗೋಧಿ. ಈಗ ಹೋದರೆ ಉತ್ತ ನೆಲವಲ್ಲದೆ ಹೆಚ್ಚೇನೂ ಕಾಣದು. ಸಂಕ್ರಾಂತಿಯಾದ ಮೇಲಿನ ಮೊದಲ ಭಾನುವಾರ ಮತ್ತೆ ಹೊರಡುವುದೆಂದು ಕಾರ್ಯಕಾರಿ ಸಮಿತಿ ಒಪ್ಪಿದೆ. ಬೆಳಿಗ್ಗೆ ಒಂಬತ್ತಕ್ಕೆ ಖೇಡಿ ಪುಲ್ ಬಳಿ ಸೇರುವುದು. ಮಂಜು ದಟ್ಟವಾಗಿದ್ದರೆ ಹತ್ತಕ್ಕೆ. ಬುತ್ತಿ ಅವರವರದು. ಹೊಲಕ್ಕೆ ಕಾಲಿಡುವ ಮುನ್ನ ಒಡೆಯರನ್ನು ಕೇಳಬೇಕು, ಫೋಟೋ ತೆಗೆಸಿಕೊಳ್ಳುವ ಭರದಲ್ಲಿ ಪೈರು ತುಳಿಯಕೂಡದು. ಎಳ್ಳುಬೆಲ್ಲವನ್ನು ಮಾತ್ರ ಸ್ವಲ್ಪ ಹೆಚ್ಚಾಗಿಯೇ ತರಬೇಕು. ಬಿಟೋಡಾದ ತಾಈಗೆ ಕೊಡುವುದಾಗಿ ತುಮಕೂರಿನ ಅಜ್ಜಿ ಮಾತು ಕೊಟ್ಟು ಹೋಗಿದ್ದಾರೆ, ಊರಿನಿಂದ ಎರಡು ಸಲ ಫೋನು ಮಾಡಿ ಜ್ಞಾಪಿಸಿಯೂ ಇದ್ದಾರೆ. ಹೆಸರು ಕೊಡುವವರು ಕೋಸಂಬರಿ ಹಂಚುವ ಮೇಜಿನ ಬಳಿ ನನ್ನನ್ನು ಕಾಣಬಹುದು.